ಮಾವನ ಕೋವಿಗೆ ಮಂಗಳಸ್ನಾನ

ಅರಕಲಗೂಡಿನ ತಾಲ್ಲೂಕು ಕಚೇರಿಯಲ್ಲಿ ನಾವು ಏಳು ಜನ ಗುಮಾಸ್ತರು. ನಮ್ಮಲ್ಲಿ ಸಂತೆಯ ದಿನ ಜನ ಎದ್ದು ನಿಂತು ದಾರಿ ಬಿಡುತ್ತಿದ್ದದ್ದು ನನ್ನೊಬ್ಬನಿಗೆ. ಕಾರಣ ನನ್ನ ಕೈಬರಹವಲ್ಲ (ಅದನ್ನು ಅಮಲ್ದಾರರೂ ಓದಲಾರರು), ನನ್ನ ಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕೋವಿ. ಊರವರ ಬಾಯಲ್ಲಿ ನಾನು ‘ಕೋವಿ ಗುಮಾಸ್ತರು’. ಕ್ಷೌರದಂಗಡಿಯಲ್ಲೂ ನನ್ನ ಸರದಿ ಮೊದಲು ಬರುತ್ತಿತ್ತು.

ಕೋವಿ ಮಾವನದು. ಹೊಳೆನರಸೀಪುರದ ನನ್ನ ಮಾವ ಚನ್ನಪ್ಪನವರು ಮೊದಲನೇ ಮಹಾಯುದ್ಧದಲ್ಲಿ ಪಲ್ಟನ್ನಿನ ಹೇಸರಗತ್ತೆಗಳನ್ನು ಮೇಯಿಸಿದವರು. ಅಲ್ಲಿಂದ ಬಂದ ಹಳೆಯ ಮಿಲಿಟರಿ ರೈಫಲ್ ಅದು. ಅದರ ಬೆರಳಲ್ಲಿ ಎಳೆಯುವ ಕುದುರೆ ನನ್ನ ಮದುವೆಗೂ ಮುಂಚೆಯೇ ಮುರಿದಿತ್ತು. ಗುಂಡು ಹಾರುವ ಮಾತಿರಲಿ, ಗೋಡೆಯ ಹಲ್ಲಿ ಕೂಡ ಅದಕ್ಕೆ ಹೆದರುತ್ತಿರಲಿಲ್ಲ. ಮಾವನ ಕಣ್ಣು ಮಂಜಾದ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಪ್ರತಿ ಆಯುಧಪೂಜೆಗೂ ಅವರು ಬಸ್ಸಿನಲ್ಲಿ ಬಂದು, ಕೋವಿಗೆ ಕುಂಕುಮವಿಟ್ಟು, ಅದರ ಮರದಲ್ಲಿದ್ದ ಒಂದು ತಗ್ಗಿನಲ್ಲಿ ಹೆಬ್ಬೆರಳಿಟ್ಟು, “ಇದು ತುರ್ಕಿಯೋನ ಏಟು” ಎಂದು ಕಥೆ ಶುರು ಮಾಡುತ್ತಿದ್ದರು. (ಆ ತಗ್ಗು ತಾನು ಚಿಕ್ಕವಳಿದ್ದಾಗ ಹುಣಸೇಬೀಜ ಕುಟ್ಟಿ ಮಾಡಿದ್ದೆಂದು ನನ್ನ ಹೆಂಡತಿ ಲಕ್ಕಮ್ಮ ಮದುವೆಯಾದ ವಾರದಲ್ಲೇ ಒಪ್ಪಿಕೊಂಡಿದ್ದಳು.)

ಚೀನಾ ಯುದ್ಧ ನಡೆದ ವರ್ಷ ಮಾವ ಕೋವಿಯನ್ನು ಮೂಸಿ ನೋಡಿ ಮುಖ ಸಿಂಡರಿಸಿದರು.

“ಅಳಿಯಂದ್ರೇ, ಇದೇನು ಕೋವಿಯೋ, ಒಲೆ ಊದೋ ಕೊಳವೆಯೋ? ಮರವೆಲ್ಲ ಮಸಿ ಇಡಿದೈತೆ. ಬರೋ ನವಮಿಗೂ ಇಂಗೇ ಇದ್ರೆ ಕೊಣನೂರಿನ ನಮ್ಮಣ್ಣನ ಮಗ ತಿಮ್ಮಪ್ಪಂಗೆ ಕೊಟ್ಬುಡ್ತೀನಿ. ಅವನು ಕುಸ್ತಿ ಆಳು. ನೀವು ಶಾಯಿ ಆಳು.”

ಶಾಯಿ ಆಳಿಗೆ ರೋಷ ಬಂತು. ಕೋವಿ ಹೋದರೆ ನಾನು ಏಳು ಗುಮಾಸ್ತರಲ್ಲಿ ಏಳನೆಯವನು. ಮರುವರ್ಷ ನವಮಿಗೆ ಹದಿನೈದು ದಿನವಿರುವಾಗ ಬಡಗಿ ಗುಂಡಾಚಾರಿಯಿಂದ ಉಪದೇಶ ಪಡೆದೆ.

“ಮಸಿ ತೊಳ್ದು, ಒಡೆದ ಸೀಸೆ ಚೂರಲ್ಲಿ ಹೆರೀಬೇಕು ಸಾ. ತಗ್ಗಿರೋ ಕಡೆ ಒದ್ದೆ ಬಟ್ಟೆ ಆಕಿ ಇಸ್ತ್ರಿಪೆಟ್ಗೆ ಇಟ್ರೆ ಮರ ಉಬ್ಬಿ ಮೇಲಕ್ಕೆ ಬತ್ತದೆ. ಆಮೇಲೆ ದಿನಾ ಅಗಸೆ ಎಣ್ಣೆ ತಿಕ್ಕಿ. ಸುಮ್ನೆ ನನ್ ಕೈಗೆ ಕೊಡಿ ಸಾ, ನಾನೇ ಮಾಡ್ಕೊಡ್ತೀನಿ.”

ಕೊಡಲಿಲ್ಲ. ಕೀರ್ತಿಯಲ್ಲಿ ಪಾಲು ಕೊಡುವ ಅಭ್ಯಾಸ ನನಗಿಲ್ಲ.

ಜಗಲಿಯ ಮೇಲೆ ಕೋವಿ ಬಿಚ್ಚಿ ಹರವಿದ್ದನ್ನು ನೋಡಿ ಲಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಅದನ್ಯಾಕೆ ಮುಟ್ಟಕ್ಕೋದ್ರಿ? ಓದ್ಸಲ ಗಡಿಯಾರ ಬಿಚ್ಚಿದ್ರಿ. ಅದಿನ್ನೂ ನನ್ನ ತಟ್ಟೇಲೇ ಕುಂತೈತೆ.”

“ಗಡಿಯಾರ ಬೇರೆ, ಕೋವಿ ಬೇರೆ.”

“ಬಿಚ್ಚೋ ಕೈ ಒಂದೇ ತಾನೆ.”

ಅಂಥ ಮಾತಿಗೆ ಕಿವಿಗೊಟ್ಟಿದ್ದರೆ ಜಗತ್ತಿನಲ್ಲಿ ಯಾವ ಜೀರ್ಣೋದ್ಧಾರವೂ ಆಗುತ್ತಿರಲಿಲ್ಲ. ಅವಳ ತಿಂಗಳ ಸೀಗೆಪುಡಿಯನ್ನು ಪೂರ್ತಿ ಸುರಿದು, ಬಿಸಿನೀರು ಹುಯ್ದು, ತೆಂಗಿನ ನಾರಿನಲ್ಲಿ ಕೋವಿಯ ಮರಕ್ಕೆ ಮಂಗಳಸ್ನಾನ ಮಾಡಿಸಿದೆ. ಗಾಜಿನ ಚೂರಿನಲ್ಲಿ ಹೆರೆದೆ (ಮರದಷ್ಟೇ ಚರ್ಮವೂ ಬಂತು). ಕೊನೆಗೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದೆ.

“ಆ ತಗ್ಗೊಂದು ಬಿಟ್ಬುಡಿ. ಅಪ್ಪ ಬೆರಳಿಡೋ ಜಾಗ” ಎಂದಳು ಲಕ್ಕಮ್ಮ.

“ನಿನ್ನ ಹುಣಸೇಬೀಜದ ಪಾಪ ತೊಳೀತಿದ್ದೀನಿ, ಸುಮ್ನಿರು.”

ಒದ್ದೆ ಬಟ್ಟೆ ಚುಸ್ ಎಂದಿತು. ತುರ್ಕಿ ಸಾಮ್ರಾಜ್ಯದ ಕೊನೆಯ ಕುರುಹು ನನ್ನ ಜಗಲಿಯ ಮೇಲೆ ಆವಿಯಾಗಿ ಹೋಯಿತು. ಹತ್ತು ದಿನ ಅಗಸೆ ಎಣ್ಣೆ ಕುಡಿದ ಮರ ಆಗ ತಾನೇ ಸುಲಿದ ಹಲಸಿನ ತೊಳೆಯ ಹಾಗೆ ಹೊಳೆಯತೊಡಗಿತು.

ನವಮಿಯ ಬೆಳಿಗ್ಗೆ ಬೀದಿಯ ಜನವನ್ನೆಲ್ಲ ಕರೆದು, ಕೋವಿಯನ್ನು ರೇಷ್ಮೆ ವಸ್ತ್ರದಲ್ಲಿ ತಂದು ಮಾವನ ತೊಡೆಯ ಮೇಲಿಟ್ಟೆ. ಮಾವ ಹೆಬ್ಬೆರಳು ಇಟ್ಟರು. ಬೆರಳು ಜಾರಿತು. ಹಿಂದೆ ಮುಂದೆ ತಡಕಿದರು.

“ಇದ್ಯಾರ್ದು?”

“ನಿಮ್ಮದೇ ಮಾವ.”

“ನಂದು ಕಪ್ಪಗಿತ್ತು. ಏಟು ಬಿದ್ದಿತ್ತು. ನನ್ ಕೋವಿ ಎಲ್ಲಿ? ಮಾರ್ಕಂಡ್ರಾ?”

“ಕಬ್ಬಿಣದ ಮೇಲೆ ನಂಬರಿದೆ ನೋಡಿ ಮಾವ.”

“ನಂಬರ್ ತಿದ್ದೋದು ತಾಲ್ಲೂಕ್ ಕಚೇರಿಯೋರಿಗೆ ಯೋಳ್ಕೊಡ್ಬೇಕಾ?”

ಬೀದಿಯ ಜನ ನಕ್ಕರು. ಹುಣಸೇಬೀಜದ ಸತ್ಯ ನನ್ನ ನಾಲಿಗೆಯ ತುದಿಗೆ ಬಂತು. ಲಕ್ಕಮ್ಮ ಕಣ್ಣು ಬಿಟ್ಟದ್ದಕ್ಕೆ ಮತ್ತೆ ನುಂಗಿಕೊಂಡೆ. ನಿಜ ಹೇಳುತ್ತೇನೆ, ಆ ಮುದುಕರ ಹೆಬ್ಬೆರಳು ನಿಲ್ಲಲು ಜಾಗವಿಲ್ಲದೆ ಸುತ್ತುತ್ತಿದ್ದದ್ದನ್ನು ನನ್ನಿಂದಲೂ ನೋಡಲಾಗಲಿಲ್ಲ.

“ಬನ್ನಿ ಇಲ್ಲಿ” ಎಂದು ಲಕ್ಕಮ್ಮ ನನ್ನನ್ನೂ ಕೋವಿಯನ್ನೂ ಹಿತ್ತಿಲಿಗೆ ಎಳೆದುಕೊಂಡು ಹೋದಳು. ಸ್ನಾನದ ಹಂಡೆಯ ತಳದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ನನ್ನ ಹದಿನೈದು ದಿನದ ತಪಸ್ಸಿಗೆ ಬಳಿದಳು. ಗುಂಡುಕಲ್ಲು ತಂದು ಅದೇ ಜಾಗಕ್ಕೆ ನಾಲ್ಕು ಏಟು ಹಾಕಿದಳು. ಮೂವತ್ತು ವರ್ಷವಾದರೂ ಕೈಗೆ ಗುರಿ ಮರೆತಿರಲಿಲ್ಲ.

“ಸಿಕ್ಕಿತು ಮಾವ. ಅಟ್ಟದ ಮೇಲಿತ್ತು” ಎಂದೆ.

ಹೆಬ್ಬೆರಳು ತಗ್ಗಿನಲ್ಲಿ ಕೂತಿತು. “ಇದು ಕಣಪ್ಪ ನನ್ ಕೋವಿ” ಎಂದು ಮಾವ ಅದನ್ನು ಕೆನ್ನೆಗೊತ್ತಿಕೊಂಡರು. ಕೆನ್ನೆಯೂ ಮೀಸೆಯೂ ಕಪ್ಪಾದವು. ತುರ್ಕಿಯ ಕಥೆ ಎಂದಿಗಿಂತ ಅರ್ಧ ಗಂಟೆ ಹೆಚ್ಚು ನಡೆಯಿತು. ಅದು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು.

“ತಿಮ್ಮಪ್ಪಂಗೆ ಯೋಳ್ಕಳ್ಸಿ. ಬಂದು ತಗಂಡೋಗ್ಲಿ.”

“ಯಾಕೆ ಮಾವ?”

“ನನ್ ಕೋವಿನ ಅಟ್ಟಕ್ಕೆ ಎಸ್ದು, ಎಲ್ಲಿಂದಲೋ ತಂದದ್ದಕ್ಕೆ ಪೂಜೆ ಮಾಡ್ಸಕ್ಕೆ ನೋಡಿದ್ರಲ್ಲ, ಅದಕ್ಕೆ. ಆ ಬೆಳ್ಳಗಿರೋದ್ನೇ ನೀವು ಇಟ್ಕಳಿ. ನಿಮ್ಗೆ ಅದೇ ಸರಿ.”

ತಿಮ್ಮಪ್ಪ ಬಂದು ಕೋವಿ ಹೊತ್ತುಕೊಂಡು ಹೋದ. ಲೈಸೆನ್ಸು ಅವನ ಹೆಸರಿಗೆ ಮಾಡಬೇಕೆಂಬ ಅರ್ಜಿಯನ್ನು ನಾನೇ ಬರೆಯಬೇಕಾಯಿತು. ಜನ್ಮದಲ್ಲಿ ಮೊದಲ ಸಲ ಅಮಲ್ದಾರರು ನನ್ನ ಕೈಬರಹವನ್ನು ಸಲೀಸಾಗಿ ಓದಿ ಮೇಲಕ್ಕೆ ಶಿಫಾರಸು ಮಾಡಿದರು.

ಇತ್ತ ಮಾವ ಬಸ್ಸಿನುದ್ದಕ್ಕೂ ಅಳಿಯನ ಎರಡನೇ ಕೋವಿಯ ವರ್ಣನೆ ಮಾಡಿಕೊಂಡು ಹೋಗಿದ್ದರು. ಮುಂದಿನ ಸಂತೆಯ ದಿನ ಹೆಡ್ ಕಾನ್‌ಸ್ಟೇಬಲ್ ಕೆಂಪಣ್ಣ ಬಾಗಿಲಿಗೆ ಬಂದರು.

“ಆ ಬೆಳ್ಳಗಿರೋ ಕೋವಿ ಎಲ್ಲೈತೆ ಸಾ? ಅದ್ಕೆ ಲೈಸೆನ್ಸ್ ಇಲ್ವಂತೆ.”

ಸೀಗೆಪುಡಿಯಿಂದ ಹಂಡೆಯ ಮಸಿಯವರೆಗೆ ಎಲ್ಲ ಹೇಳಿದೆ. ಕೆಂಪಣ್ಣ ತಾಳ್ಮೆಯಿಂದ ಕೇಳಿದರು.

“ಇಡೀ ಬೀದಿ ಎರಡು ಕೋವಿ ಕಂಡದೆ ಸಾ. ನೀವೊಬ್ರೇ ಒಂದು ಅಂತೀರಿ.”

ಅಟ್ಟ ಹುಡುಕಿದರು, ರಾಗಿಯ ವಾಡೆಗೆ ಕೈ ಹಾಕಿದರು. ಕೊನೆಗೆ ಬೀರುವಿನ ಮೇಲಿದ್ದ ತಟ್ಟೆ ಸಿಕ್ಕಿತು: ಸ್ಪ್ರಿಂಗುಗಳು, ಹಲ್ಲಿನ ಚಕ್ರಗಳು, ಸ್ಕ್ರೂಗಳು. ಕೆಂಪಣ್ಣನ ಮುಖ ಅರಳಿತು.

“ಬಿಚ್ಚಿಟ್ಟಿದ್ದೀರಿ, ಅಲ್ವಾ ಸಾ?”

“ಅದು ಗಡಿಯಾರ” ಎಂದೆ. “ಲಕ್ಕಮ್ಮ, ನೀನಾದರೂ ಹೇಳೇ.”

“ನಾನೇನ್ ಯೋಳ್ಲಿ? ಗಡಿಯಾರ ಬೇರೆ, ಕೋವಿ ಬೇರೆ ಅಂದೋರು ನೀವು. ನೀವೇ ಯೋಳಿ” ಎಂದು ಅವಳು ಒಳಗೆ ಹೋದಳು.

ತಟ್ಟೆಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಕೆಂಪಣ್ಣ ಮುಂದೆ, ನಾನು ಹಿಂದೆ, ಠಾಣೆಗೆ ಹೊರಟೆವು. ದಾರಿ ಸಂತೆಯ ನಡುವೆಯೇ. ನಮ್ಮನ್ನು ಕಂಡು ಜನ ಎಂದಿನಂತೆ ಎದ್ದು ನಿಂತು ದಾರಿ ಬಿಟ್ಟರು.