ಕೂರಲೊಲ್ಲದ ಟಯರು ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಆದರೆ ಒಂದು ಸೈಕಲ್ ಟಯರಿನ ಹಿಂದೆ ಅವರಷ್ಟು ಬೆವರು ಸುರಿಸಿದ ಇನ್ನೊಬ್ಬ ಮನುಷ್ಯ ಹೊನ್ನಾವರ ತಾಲೂಕಿನಲ್ಲಿದ್ದರೆ ತೋರಿಸಿ, ನಾನು ಈ ಬರಹವನ್ನು ಇಲ್ಲಿಗೇ ನಿಲ್ಲಿಸುತ್ತೇನೆ!

ಸೈಕಲ್ ಅಕ್ಕನದು. ನರ್ಸ್ ಆಗಿ ಹಳ್ಳಿಹಳ್ಳಿ ತಿರುಗಿದ ಅವಳು ಐವತ್ತು ದಾಟಿದ ಮೇಲೆ ದಪ್ಪ ಚಕ್ರದ ಮೌಂಟನ್ ಬೈಕ್ ಕೊಂಡಳು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಶರಾವತಿ ಸೇತುವೆ ದಾಟಿ ಕಾಸರಕೋಡು, ಮನಸ್ಸು ಬಂದರೆ ಮುರ್ಡೇಶ್ವರ. ಹೋದ ಜನವರಿಯ ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಆಮೇಲೆ ಯಾವಾಗಲೋ, ಓಡಿಸುವವರಿಲ್ಲದೆ ಮುಂದಿನ ಚಕ್ರದ ಗಾಳಿ ಇಳಿದು ಟಯರು ರಿಮ್ಮಿನಿಂದ ಕಳಚಿಕೊಂಡಿತು ಎಂದು ನಾನು ತಿಳಿದಿದ್ದೆ. ವರ್ಷದ ಕಾರ್ಯದೊಳಗೆ ಆ ಸೈಕಲ್ ಎರಡೂ ಚಕ್ರದ ಮೇಲೆ ನಿಲ್ಲಬೇಕೆಂದು ಭಾವ ಹಟ ಹಿಡಿದರು.

ಅದು ಟ್ಯೂಬ್‌ಲೆಸ್ ಟಯರು. ಒಳಗೆ ಟ್ಯೂಬಿಲ್ಲ. ಟಯರಿನ ಅಂಚೇ ರಿಮ್ಮಿಗೆ ಬಿಗಿಯಾಗಿ ಕಚ್ಚಿಕೊಂಡು ಕೂರಬೇಕು. ಹಾಗೆ ಕೂರಲು ಗಾಳಿ ಒಮ್ಮೆಲೇ ನುಗ್ಗಬೇಕು. ಕೈಪಂಪಿನಿಂದ ಹೊಡೆದರೆ ಈ ಕಡೆ ಹೋದದ್ದು ಆ ಕಡೆಯಿಂದ ಬುಸ್ಸೆಂದು ಹೊರಗೆ! ಭಾವನ ಮನೆಯಿಂದ ನೂರು ಹೆಜ್ಜೆಗೆ ಪೆಟ್ರೋಲ್ ಪಂಪು, ಅಲ್ಲಿ ಗಾಳಿಯ ಯಂತ್ರ. ಅಲ್ಲಿಗೆ ಒಯ್ಯಿರಿ ಎಂದು ನಾನು ಎಷ್ಟು ಸಲ ಹೇಳಿದೆನೋ.

“ಅದು ಲಾರಿಗೆ ಹೊಡೆಯೂ ಗಾಳಿ ಮಾರಾಯ್ತಿ. ನಮ್ಮದಕ್ಕೆ ಕೈಪಂಪೇ ಸಮ,” ಎನ್ನುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮಾಸ್ತರರು ಗಾಳಿಯಲ್ಲೂ ಜಾತಿ ಕಂಡುಹಿಡಿದರಲ್ಲ!

ನಾನು ಪ್ರತಿ ಭಾನುವಾರ ಕುಮಟೆಯಿಂದ ಬಸ್ಸು ಹಿಡಿದು ಅವರನ್ನು ನೋಡಲು ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದು ಹೊಸ ಪ್ರಯೋಗ. ಅಂಚು ಜಾರಲು ಸೋಪು ಸಾಲದೆಂದು ಒಮ್ಮೆ ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಬಕೆಟ್ ತುಂಬ ನೊರೆ ಎಬ್ಬಿಸಿದ್ದರು. ಟಯರು ಕೂರಲಿಲ್ಲ. ರಿಮ್ಮು ಮಾತ್ರ ಮದುವೆ ಮನೆಯ ಬೆಳ್ಳಿ ತಟ್ಟೆಯಂತೆ ಹೊಳೆಯಿತು. ಇನ್ನೊಮ್ಮೆ ಬಾವಿಹಗ್ಗ ಸುತ್ತಿ ಬಿಗಿದರು. ಗಂಟು ಬಿಡಿಸುವುದರೊಳಗೆ ನನ್ನ ಕುಮಟೆಯ ಬಸ್ಸು ತಪ್ಪಿತು. ಬಿಸಿಲಿಗೆ ರಬ್ಬರು ಮೆತ್ತಗಾಗಲಿ ಎಂದು ತಾರಸಿಯಲ್ಲಿ ಪಕ್ಕದ ಮನೆಯ ಕೊಂಕಣಿ ಅಮ್ಮ ಹರವಿದ್ದ ಹಪ್ಪಳಗಳ ನಡುವೆಯೇ ಟಯರನ್ನೂ ಒಣಗಿಸಿದರು.

ಅಮ್ಮ ಬಂದು ನೋಡಿ, “ಮಾಸ್ತರೇ, ಇದನ್ನು ಕರೂದಾ, ಸುಡೂದಾ?” ಎಂದು ಕೇಳಿದರು.

“ಮೊದ್ಲು ಕೂರ್ಲಿ, ಆಮೇಲೆ ನೋಡ್ವ,” ಎಂದು ಭಾವ ಗಂಭೀರವಾಗಿ ಹೇಳಿದರು.

ಎಲ್ಲಕ್ಕೂ ಕಳಸವಿಟ್ಟದ್ದು ಹಲಸಿನ ಮೇಣ. ಇಂಥ ಟಯರಿನೊಳಗೆ ಸಣ್ಣ ತೂತು ಮುಚ್ಚಲು ಹಾಲಿನಂಥ ಒಂದು ದ್ರವ ಹಾಕುತ್ತಾರೆ. ರಬ್ಬರೂ ಮರದ ಹಾಲು, ಹಲಸಿನದೂ ಮರದ ಹಾಲು, ವ್ಯತ್ಯಾಸವೇನು ಎಂಬುದು ಭಾವನ ತರ್ಕ. ಮೇ ತಿಂಗಳು, ಹಿತ್ತಲಲ್ಲಿ ಕಾಯಿಗೆ ಬರವಿಲ್ಲ. ಒಂದು ಗಂಟೆಯಲ್ಲಿ ಟಯರು ಅರ್ಧ ಒಳಗೆ ಅರ್ಧ ಹೊರಗೆ ಅಂಟಿಕೊಂಡಿತು. ಅದಕ್ಕೆ ಪಂಪು, ಪಂಪಿಗೆ ಭಾವನ ಕೈ, ಕೈಗೆ ನನ್ನ ಸೆರಗು! ತೆಂಗಿನೆಣ್ಣೆ ಹಚ್ಚಿ ನಮ್ಮಿಬ್ಬರನ್ನು ಬೇರೆ ಮಾಡಿದ್ದು ಅದೇ ಕೊಂಕಣಿ ಅಮ್ಮ. ನನ್ನ ನೆನಪಿನಲ್ಲಿ ನಾನೂ ಅಮ್ಮನೂ ಬಿದ್ದು ಬಿದ್ದು ನಗುತ್ತಿದ್ದೇವೆ, ಭಾವ ನಗುತ್ತಿಲ್ಲ. ನನ್ನ ಆ ದಿನದ ಡೈರಿ ತೆಗೆದರೆ ಬೇರೆಯೇ ಇದೆ: ‘ಭಾವ ಇವತ್ತು ನಕ್ಕರು. ಅಕ್ಕ ಹೋದ ಮೇಲೆ ಮೊದಲ ಸಲ.’ ಯಾವುದನ್ನು ನಂಬಲಿ? ನಗದ ಭಾವನ ಮುಖ ಅಷ್ಟು ರೂಢಿಯಾಗಿ, ನಕ್ಕದ್ದನ್ನೇ ನಾನು ಅಳಿಸಿಹಾಕಿದೆನೆ?

ಆ ಮೇಣ ಮಳೆಗಾಲವಿಡೀ ಜಪ್ಪಯ್ಯ ಎನ್ನಲಿಲ್ಲ. ವರ್ಷದ ಕಾರ್ಯಕ್ಕೆ ತಿಂಗಳಿದೆ ಎನ್ನುವಾಗ ಭಾವನೇ ಫೋನು ಮಾಡಿ, ಭಟ್ಕಳಕ್ಕೆ ಹೋಗುವ, ನೀನೂ ಬಾ ಎಂದರು. ಅಲ್ಲಿ ಲಾರಿ ಟಯರಿನ ಅಂಗಡಿ ಇಟ್ಟಿರುವವನು ಅವರ ಹಳೆಯ ವಿದ್ಯಾರ್ಥಿ. ಅವನಿಗೂ ಈಗ ಗಡ್ಡ ನರೆತಿದೆ. ನಾವು ಒಯ್ದ ಚಕ್ರಕ್ಕೆ ಡೀಸೆಲ್ ಹಾಕಿ ಉಜ್ಜಿ ಉಜ್ಜಿ ಅವನು ಸುಸ್ತಾದ.

“ಮಾಸ್ತರೇ, ಎಂತ ಹಾಕಿದ್ದು ಇದಕ್ಕೆ? ಗಲ್ಫಿಂದ ತರ್ಸಿದ್ದಾ?”

“ಹಿತ್ತಲಿಂದ,” ಎಂದರು ಭಾವ.

ಎಲ್ಲ ತೊಳೆದು, ವಾಲ್ವಿನ ಒಳಗಿನ ಕಡ್ಡಿ ತೆಗೆದು, ಅವನು ಕಂಪ್ರೆಸರಿನ ಪೈಪು ಹಿಡಿದ. ಠಪ್, ಠಪ್ ಎಂದು ಎರಡು ಸದ್ದು. ಟಯರು ಸುತ್ತಲೂ ರಿಮ್ಮಿಗೆ ಕಚ್ಚಿ ಕೂತಿತು. ಹನ್ನೊಂದು ತಿಂಗಳ ಯುದ್ಧ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು! ನಾನು ಚಪ್ಪಾಳೆ ತಟ್ಟಿದೆ. ಭಾವ ಮಾತ್ರ ಅಲ್ಲಿದ್ದ ಲಾರಿ ಟಯರೊಂದರ ಮೇಲೆ ಕುಸಿದು ಕೂತರು. ಅಂಗಡಿಯವನು ಚಹಾ ತರಲು ಹೋದ.

ಮೊದಲೇ ಪೆಟ್ರೋಲ್ ಪಂಪಿಗೆ ಒಯ್ದಿದ್ದರೆ ಇಷ್ಟು ಒದ್ದಾಟವೇ ಇರಲಿಲ್ಲ ಎಂದೆ.

“ಅವ್ಳೂ ಅದ್ನೇ ಹೇಳಿದ್ಲು,” ಎಂದರು ಭಾವ. “ಆ ಭಾನುವಾರ.”

ನನಗೆ ಅರ್ಥವಾಗಲಿಲ್ಲ. ಟಯರು ಕಳಚಿದ್ದು ಅಕ್ಕ ಹೋದ ಮೇಲಲ್ಲವೇ?

“ಹಿಂದಿನ ರಾತ್ರಿಯೇ ಗಾಳಿ ಹೋಗಿತ್ತು. ಬೆಳಿಗ್ಗೆ ಹೊರಡೂಕೆ ನಿಂತವ್ಳು, ಪಂಪಿಗೆ ಹೋಗಿ ಹೊಡ್ಸ್ಕಂಡು ಬನ್ನಿ ಅಂದ್ಲು. ನಾ ಕೈಪಂಪಲ್ಲೇ ಆತದೆ ಅಂದೆ. ಕೂರ್ಲೇ ಇಲ್ಲ. ಊಟದ ತನಕ ಇಬ್ರೂ ಅಂಗಳದಲ್ಲಿ ಸೋಪಿನ ನೀರಲ್ಲಿ ಕೂತು ನಗಾಡಿದ್ದೇ ನಗಾಡಿದ್ದು.” ಕೂತ ಟಯರಿನ ಅಂಚಿನ ಮೇಲೆ ಬೆರಳಾಡಿಸಿದರು. “ಅವತ್ತು ಇದು ಕೂತಿದ್ರೆ ಅವ್ಳು ಆರು ಗಂಟೆಗೇ ಹೋಗ್ಬಿಡ್ತಿದ್ಲು ತಂಗಿ. ಆ ಬೆಳಿಗ್ಗೆ ನಂಗೆ ಸಿಗ್ತಿರ್ಲಿಲ್ಲ.”

ಆ ಸಂಜೆ ಕುಮಟೆಗೆ ಮರಳಿ ಜನವರಿಯ ಡೈರಿ ತೆಗೆದೆ. ಅಕ್ಕ ಹೋದ ದಿನದ ಪುಟದಲ್ಲಿ, ನನಗೆ ಈಗ ಸ್ವಲ್ಪವೂ ನೆನಪಿಲ್ಲದ ಒಂದು ಸಾಲಿದೆ: ‘ಓಡಿ ಹೋಗುವಾಗ ಅಕ್ಕನ ಅಂಗಳದಲ್ಲಿ ಕಾಲು ಜಾರಿ ಬಿದ್ದೆ. ಮಳೆಯಿಲ್ಲದ ಕಾಲದಲ್ಲಿ ಅಷ್ಟು ನೀರು ಯಾರು ಚೆಲ್ಲಿದರೋ ಎಂದು ಸಿಟ್ಟು ಬಂತು.’