ಮೂರೇ ಬಣ್ಣದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಪ್ರಪಂಚದಲ್ಲಿ ಮೂರೇ ಬಣ್ಣ. ಅರಿಸಿನ, ಚಿನ್ನ, ನೇರಳೆ. ಉಳಿದವನ್ನು ದೇವರು ದಂಡಕ್ಕೆ ಮಾಡಿದ ಎಂಬುದು ಅವರ ತೀರ್ಮಾನ. ಅವರ ಕಸುಬಾದರೂ ಏನು? ಮಂಡ್ಯದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಕಪ್ಪು ಬಿಳುಪು ಫೋಟೋಗಳಿಗೆ ಕೈಯಲ್ಲಿ ಬಣ್ಣ ತುಂಬುವುದು! ಎಪ್ಪತ್ತರ ದಶಕದಲ್ಲಿ ಕಲರ್ ಫೋಟೋ ಬೇಕೆಂದರೆ ನಮ್ಮ ಕಡೆಯವರಿಗೆ ಅದೇ ದಾರಿ. ಹಾಗಾಗಿ ಮದ್ದೂರು, ಮಳವಳ್ಳಿಯ ಗೋಡೆಗಳ ಮೇಲಿದ್ದ ಮದುಮಕ್ಕಳೆಲ್ಲ ಒಂದೇ ಅಂಗಡಿಯಲ್ಲಿ ಬಟ್ಟೆ ತೆಗೆದವರಂತೆ ಕಾಣುತ್ತಿದ್ದರು.

ಬೆಸಗರಹಳ್ಳಿಯ ರೈತರೊಬ್ಬರು ಜಗಳಕ್ಕೇ ಬಂದರು. "ನನ್ನೆಂಡ್ರು ಸೀರೆ ಕೆಂಪು ಕಣಣ್ಣ. ನೇರಳೆ ಮಾಡಿದ್ದೀಯಲ್ಲ."

"ಕೆಂಪಾದ್ರೆ ಸೀರೆ ಕಾಣ್ತದೆ. ಈಗ ನಿಮ್ಮೆಂಡ್ರು ಕಾಣ್ತಾವ್ರೆ. ಯಾವ್ದು ಬೇಕು ಹೇಳಿ."

ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ರೈತರು ಪಾಪ, ಫೋಟೋ ಎತ್ತಿಕೊಂಡು ಹೋದರು. ಮುಂದಿನ ಗೌರಿ ಹಬ್ಬಕ್ಕೆ ಫೋಟೋದಲ್ಲಿದ್ದ ಸೀರೆಯೇ ಬೇಕೆಂದು ಆಕೆ ಹಟ ಹಿಡಿದರಂತೆ.

ಪೊಲೀಸ್ ಪೇದೆಯೊಬ್ಬರ ಖಾಕಿಯನ್ನೂ ನೇರಳೆ ಮಾಡಿ, ಚಿನ್ನದ ಗುಂಡಿ ಇಟ್ಟಿದ್ದರು! ಪೇದೆ ಕೆಂಡವಾದರು. ಮನೆಯಾಕೆ "ಮಾರಾಜ್ರಂಗ್ ಕಾಣ್ತೀರಿ" ಎಂದ ಮೇಲೆ ಇನ್ನೆರಡು ಪ್ರತಿ ಮಾಡಿಸಿಕೊಂಡರು.

ಇದೇನು ಹುಚ್ಚು ಎಂದರೆ ಚಿಕ್ಕಪ್ಪನ ಶಾಸ್ತ್ರ ಸಿದ್ಧವಿತ್ತು: "ಅರಿಸ್ನ ಕರೀತದೆ, ನೇರಳೆ ಕೂರುಸ್ಕತದೆ. ಚಿನ್ನ ಮಧ್ಯ ನಿಂತ್ಕಂಡು ಜಗಳ ಬುಡಿಸ್ತದೆ."

ಇನ್ನು ನನ್ನ ಕಥೆ. ನಾನು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಎಂಬ ಸುಳ್ಳುಗಳು ನನ್ನ ಹತ್ತಿರ ನಡೆಯುವುದಿಲ್ಲ. ಮೂರು ಕಡೆಯವರು ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಕಾಗದ ಹಾಕುತ್ತೇವೆಂದು ಹೋದವರು ಇವತ್ತಿಗೂ ಹಾಕಿಲ್ಲ. ನಾಲ್ಕನೆಯದು ಹಲಗೂರಿನ ಸಂಬಂಧ. ಹುಡುಗ ಮೇಷ್ಟ್ರು. ನೆಂಟರ ಮದುವೆಯೊಂದರಲ್ಲಿ ಪಂಕ್ತಿಗೆ ಸಾರು ಬಡಿಸುತ್ತಿದ್ದುದನ್ನು ದೂರದಿಂದ ನೋಡಿದ್ದೆ. ಅವರೇ ಆಗಲಿ ಎಂದು ಮನಸ್ಸು ಅವತ್ತೇ ಅಂದುಕೊಂಡಿತ್ತು. ಆದರೆ ಅವರ ಮನೆಯವರು ಮೊದಲು ಫೋಟೋ ಕಳಿಸಿ ಎಂದರು.

ಅವ್ವ ಚಿಕ್ಕಪ್ಪನಿಗೆ ಹೇಳಿದಳು, "ಸೀರೆಗೆ ಏನಾರ ಬಳ್ಕೊ. ಮಕ ಮಾತ್ರ ವಸಿ ಬೆಳ್ಳಗ್ ಮಾಡಪ್ಪ. ಎಲ್ಲಾ ಸ್ಟುಡಿಯೋದವ್ರೂ ಮಾಡ್ಕೊಡ್ತಾರೆ."

ನಾನೂ ನಾಚಿಕೆ ಬಿಟ್ಟು ಅದನ್ನೇ ಬೇಡಿಕೊಂಡೆ. "ಆಯ್ತು ಬುಡಿ ಅತ್ಗೆ" ಎಂದರು.

ಲಕೋಟೆಯನ್ನು ಅವರೇ ಅಂಟಿಸಿ ಟಪಾಲಿಗೆ ಹಾಕಿದರು. ಆಮೇಲೆ ಇನ್ನೊಂದು ಪ್ರತಿ ಮನೆಗೆ ತಂದರು. ಅರಿಸಿನ ಸೀರೆ, ನೇರಳೆ ಅಂಚು, ಚಿನ್ನದ ಜರಿ. ನಡುವೆ ನಾನು, ಕಪ್ಪಗೆ, ಇದ್ದ ಹಾಗೇ! ಅವ್ವ ಅಲ್ಲೇ ಕುಸಿದು ಕುಳಿತಳು. "ನನ್ ಮಗಳ ಬಾಳ್ ತಗುದ್ಬುಟ್ಟೆ ಕಣಪ್ಪ." ನಾನು ಚಿಕ್ಕಪ್ಪನ ಜೊತೆ ಮಾತು ಬಿಟ್ಟೆ.

ಹಲಗೂರಿನಿಂದ ಕಾಗದ ಬರಲಿಲ್ಲ. ಜನರೇ ಬಸ್ಸಿಳಿದು ಬಂದರು! ಮೇಷ್ಟ್ರ ತಾಯಿ ನನ್ನ ಫೋಟೋವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು.

"ಐದಾರು ಫೋಟೋ ಬಂದವೆ ಕಣವ್ವ. ಎಲ್ಲಾ ಗೋಡೆಗೆ ಸುಣ್ಣ ಬಳ್ದಂಗವ್ರೆ. ಇವ್ಳೊಬ್ಳು ಕರುದ್ರೆ ಓ ಅಂತಾಳೆ ಅನ್ನುಸ್ತು." ಫೋಟೋವನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ನೋಡಿದರು. "ಸುಳ್ಳಿಲ್ಲ."

ಮೇಷ್ಟ್ರು ತಲೆ ತಗ್ಗಿಸಿ ನಕ್ಕರು. ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಲಗ್ನ ಗೊತ್ತಾಯಿತು!

ಆಮೇಲೆ ಚಿಕ್ಕಪ್ಪನ ಮೆರೆದಾಟ ಕೇಳಬೇಕೆ? ಕಿರುಗಾವಲಿನಿಂದಲೂ ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, "ಇದ್ದಂಗೇ ಇರ್ಲಿ ಸಾಮಿ, ಆ ಮೂರ್ ಬಣ್ಣ ಹಾಕ್ಕೊಡಿ" ಎನ್ನತೊಡಗಿದರು. ಅವ್ವ ಮಾತ್ರ ತಾನೇ ಹಾಗೆ ಹೇಳಿದ್ದೆ ಎಂದು ಊರೆಲ್ಲ ಸಾರುತ್ತಿದ್ದಳು.

ಮದುವೆಗೆ ನಾಲ್ಕು ದಿನವಿರುವಾಗ ಸ್ಟುಡಿಯೋಗೆ ಹೋಗಿ ಕೇಳಿದೆ. "ಅಷ್ಟೊಂದ್ ಬೇಡ್ಕಂಡೆ. ಯಾಕ್ ಚಿಕ್ಕಪ್ಪ ಬೆಳ್ಳಗ್ ಮಾಡ್ಲಿಲ್ಲ?"

ಅವರು ಬ್ರಷ್ಷು ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮಾಡ್ದೆ ಕಣವ್ವ. ನಾಕ್ ಪ್ರತಿ ಮಾಡ್ದೆ. ಒಂದ್ರಲ್ಲೂ ನೀನಿರ್ಲಿಲ್ಲ. ಹರ್ದಾಕ್ಬುಟ್ಟೆ."

ಹಲಗೂರಿನವರಿಗಿಂತ ಮೊದಲು ನನ್ನನ್ನು ಒಪ್ಪಿದ್ದವರು ಇವರು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ.