ಷಡ್ಡಕನ ಎಂಟು ಗಾಲಿಯ ಬಂಡಿ

ರವಿವಾರ, ಜೋಳದ ರಾಶಿ ಮುಗಿದ ಮರುದಿನ, ಸಂಜೆ ಐದು ಗಂಟೆ. ಸ್ಥಳ: ನನ್ನ ಮಾವನ ಊರಾದ ಹತ್ತಿಮತ್ತೂರಿನ ಊರೊಟ್ಟಿನ ಸಿಮೆಂಟ್ ಕಣ. ಹಾಜರಿದ್ದವರು: ಮಾವ, ಅತ್ತೆ, ನನ್ನ ಹೆಂಡತಿ, ಅವಳ ತಂಗಿ, ಅರ್ಧ ಊರು, ಎರಡು ಎತ್ತು ಮತ್ತು ನಾನು. ಜೊತೆಗೆ, ಅವನು!

ಅವನೆಂದರೆ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಎಂಬತ್ತರ ದಶಕದ ಆ ದಿನಗಳಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲ ಸೇರಿಸಿ ಹುಡುಕಿದರೂ ಮೀಸೆ ಹಣ್ಣಾಗುವ ವಯಸ್ಸಿನಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡ ಗಂಡಸು ಅವನೊಬ್ಬನೇ ಸಿಗುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತೇ? ಛೇ ಛೇ! ಉರಿಯಲು ಹೊಟ್ಟೆಯಲ್ಲಿ ಏನು ಉಳಿದಿತ್ತು? ಆಗಲೇ ಎಲ್ಲ ಬೂದಿಯಾಗಿತ್ತು.

ನಾನು ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ನಾನು ಸೀಟಿ ಊದದೆ ದುಂಡಸಿಯ ಬಸ್ಸು ಅಲುಗುತ್ತಿರಲಿಲ್ಲ. ನಸುಕಿನಲ್ಲಿ ಏಳುವುದು, ತಣ್ಣೀರು ಸ್ನಾನ, ಎರಡು ರೊಟ್ಟಿ, ಇಸ್ತ್ರಿಯ ಅಂಗಿ. ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದರು. ನನ್ನನ್ನು ನೋಡಿ ನಗುವವರು ಮಾತ್ರ ಇರಲಿಲ್ಲ, ಕಟ್ಟಿಕೊಂಡವಳು ಕೂಡ! ಅದೇ ಷಡ್ಡಕ ಬಾಗಿಲಲ್ಲಿ ಕಾಣಿಸಿದರೆ ಸಾಕು, ಅಡುಗೆಮನೆಯಿಂದ ಅವಳ ನಗು ಅಂಗಳದವರೆಗೆ ಬರುತ್ತಿತ್ತು. ಆ ನಗು ಒಮ್ಮೆ, ಒಂದೇ ಒಂದು ಸಲ, ನನ್ನ ಪಾಲಿಗೆ ಬರಬೇಕೆಂಬುದು ನನ್ನ ಹಟವಾಗಿತ್ತು.

ಷಡ್ಡಕ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಿದ್ದವನು. ಗಾಲಿಬೂಟು, ಅಂದರೆ ಸ್ಕೇಟಿಂಗ್, ಕಲಿತದ್ದೂ ಅಲ್ಲೇ. ಹೀಗಾಗಿ ಊರಿನವರು ಹೊಸ ಕಣ ಹಾಕಿಸುವ ಕೆಲಸ ಅವನಿಗೇ ವಹಿಸಿದರು. ಅವನು ನೆಲವನ್ನು ಕನ್ನಡಿಯಂತೆ ತಿಕ್ಕಿಸಿದ. ಅಂಚನ್ನು ಬೋಗುಣಿಯ ಬಾಯಿಯಂತೆ ಮೇಲಕ್ಕೆ ಬಾಗಿಸಿದ. ಒಂದು ತುದಿಗೆ ಮೆತ್ತಗೆ ಇಳಿಯುವ ದಿಬ್ಬ ಕಟ್ಟಿಸಿದ.

"ಅಂಚು ಯಾಕ ಎತ್ತೀರಿ?" ಎಂದು ನಾನು ಕೇಳಿದ್ದೆ.

"ಕಾಳು ಹೊರಗ ಸಿಡೀಬಾರ್ದಲ್ರಿ ಅಣ್ಣಾರ!"

"ಆ ದಿಬ್ಬ ಯಾಕ?"

"ತೂರಾವ್ರು ನಿಂದರಾಕ ಎತ್ತರ ಬೇಕಲ್ರಿ!"

ಊರೇ ಮೆಚ್ಚಿತು. ನಾನೂ ನಂಬಿದೆ! ಆ ರವಿವಾರ ಅವನು ಚೀಲದಿಂದ ಗಾಲಿಬೂಟು ಹೊರತೆಗೆದಾಗಲೇ ನನಗೆ ಹೊಳೆದದ್ದು: ಈ ಮಹಾರಾಯ ಊರ ಕಣವನ್ನು ತನ್ನ ಕಾಲಿನ ಅಳತೆಗೆ ಹೊಲಿಸಿಕೊಂಡಿದ್ದಾನೆ!

ಬಿಡುತ್ತೇನೆಯೇ? ಸೀಟಿಯ ದನಿಯಲ್ಲೇ ಕೂಗಿದೆ: "ಕಣದಾಗ ಕಾಲ್ಮರಿ ಹಾಕ್ಕೊಂಡು ಯಾರೂ ಕಾಲಿಡೂದಿಲ್ಲ! ಲಕ್ಷ್ಮೀ ಇರೂ ಜಾಗ ಇದು!"

ಜನ ಗಪ್ಪಾದರು. ನಾನು ಗೆದ್ದೆ ಎಂದುಕೊಂಡೆ. ಆಗ ಮಾವ ಬೂಟು ಎತ್ತಿಕೊಂಡು, ಮಗುಚಿ, ಬೆರಳಿನಿಂದ ಗಾಲಿ ತಿರುಗಿಸಿ ನೋಡಿದರು.

"ಅಳಿಯಾರ, ಗಾಲಿ ಅದಾವಲ್ಲ ಇದಕ್ಕ! ಗಾಲಿ ಇದ್ದದ್ದು ಕಾಲ್ಮರಿ ಹೆಂಗ ಆಕೈತಿ? ಇದು ಬಂಡಿ. ಬಂಡಿ ಕಣದಾಗ ಬರಾಕಬೇಕು."

ಅತ್ತೆ ಅಲ್ಲಿಗೇ ಬಿಡಲಿಲ್ಲ. "ಹೊಸಾ ಬಂಡಿ ಅಂದ್ರ ಪೂಜಿ ಬ್ಯಾಡೇನು?" ಎಂದು ಮನೆಗೆ ಓಡಿ ಕುಂಕುಮ ತಂದರು, ಆರತಿ ತಂದರು, ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟರು. ನಾನು ಹೊಸ ಸೈಕಲ್ ತಂದಾಗ ಇದೇ ಅತ್ತೆ, "ನಿಂಬಿಹಣ್ಣು ಉಪ್ಪಿನಕಾಯಿಗೆ ಸಾಲೂದಿಲ್ಲ" ಅಂದಿದ್ದರು!

ಪಚ್ ಪಚ್ ಎಂದು ನಿಂಬೆ ಒಡೆದು ಬಂಡಿ ಹೊರಟಿತು. ಷಡ್ಡಕ ಧೋತರ ಎತ್ತಿ ಕಟ್ಟಿ, ದಿಬ್ಬದಿಂದ ಸರ್ರನೆ ಇಳಿದು, ಎದುರಿನ ಅಂಚು ಏರಿ, ಅಲ್ಲೇ ಹದ್ದಿನಂತೆ ತಿರುಗಿ ವಾಪಸ್ಸು!

"ಎತ್ತಿಲ್ಲದ ಬಂಡಿ ಹೊಂಟೈತಿ ನೋಡ್ರಲೇ!" ಎಂದು ಯಾರೋ ಕೂಗಿದರು. ಎತ್ತುಗಳು ಕೂಡ ತಲೆ ಎತ್ತಿ ನೋಡಿದವು. ನನ್ನ ಹೆಂಡತಿಯಂತೂ ಸೆರಗು ಬಾಯಿಗಿಟ್ಟು ಬಿದ್ದು ಬಿದ್ದು ನಗುತ್ತಿದ್ದಳು. ನಾನು ಕೈಗಡಿಯಾರ ನೋಡಿಕೊಂಡೆ. ಮತ್ತೇನು ನೋಡಲಿ?

ಅಷ್ಟರಲ್ಲಿ ಅವಳು, "ನಾನೂ ಒಂದ್ ಸುತ್ತ ಹೊಡೀತೇನಿ," ಅಂದಳು.

ಷಡ್ಡಕ ಕೂಡಲೇ ಬೂಟು ಬಿಚ್ಚಿ ಅವಳಿಗೆ ಕಟ್ಟಿಸಿ ಕೈ ಚಾಚಿದ. "ಬರ್ರಿ ಅಕ್ಕಾರ, ನಾ ಹಿಡೀತೇನಿ."

"ನೀವು ಬ್ಯಾಡ್ರಿ. ಯಾರರ ನಕ್ರ ಕೈ ಬಿಟ್ಟು ಚಪ್ಪಾಳಿ ಹೊಡಿಯಾವ್ರು ನೀವು." ಅವಳು ನನ್ನ ಕಡೆ ತಿರುಗಿದಳು. "ಇವರು ಹಿಡೀಲಿ. ಇವರು ಬಿಡ್ರಿ ಅಂದ್ರೂ ಬಿಡೂದಿಲ್ಲ."

ಊರು ಗೊಳ್ಳೆಂದಿತು. ನಾನು ಚಪ್ಪಲಿ ಕಳಚಿಟ್ಟು ಅವಳ ಎರಡೂ ಕೈ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಬಂಡಿ ನಿಧಾನಕ್ಕೆ ಹೊರಟಿತು, ಆಮೇಲೆ ಓಡಿತು! ಬಾಗಿದ ಅಂಚಿಗೆ ನನ್ನ ಹಿಮ್ಮಡಿ ತಾಗಿ ನಾನು ದೊಪ್ಪನೆ ಕುಳಿತೆ. ಅವಳು ಬಂದು ನನ್ನ ಮೇಲೆಯೇ ಕುಳಿತಳು. ಅತ್ತೆಯ ಎದುರಿಗೆ! ನನ್ನ ತಲೆಯ ಟೋಪಿ ಎತ್ತಿನ ಕಾಲಬುಡಕ್ಕೆ ಹೋಯಿತು. ಕೈ ಮಾತ್ರ ಬಿಟ್ಟಿರಲಿಲ್ಲ.

"ಈಗರ ಬಿಡ್ರೀ!"

"ಬಸ್ ಪೂರಾ ನಿಂದರಲಿ," ಅಂದೆ.

ಅವಳು ನಕ್ಕಳು. ಅದೇ ನಗು. ಈ ಸಲ ಪೂರ್ತಿ ನನ್ನದು.

ತಲೆ ಎತ್ತಿದರೆ ಷಡ್ಡಕ ಬರಿಗಾಲಲ್ಲಿ ನಿಂತಿದ್ದ, ನಗದೆ. "ಪೆಟ್ಟಾತೇನ್ರಿ ಅಣ್ಣಾರ?" ಎಂದ.

"ಇಲ್ಲಪಾ."

"ಅದಕ್ಕರಿ ಅಂಚು ಬಾಗಿಸಿದ್ದು, ಬಿದ್ದಾವ್ರು ಮೆತ್ತಗ ಜಾರಿ ಕುಂದ್ರಲಿ ಅಂತ. ಪುಣೇದಾಗ ನಾ ಕಲಿಯೂ ಮುಂದ ಹಿಡಿಯಾಕ ಯಾರೂ ಇರಲಿಲ್ರಿ." ಅವನು ಅಂಗಿಯ ತೋಳು ಮೇಲೇರಿಸಿದ. ಮೊಣಕೈಯಿಂದ ಮೇಲೆ ಉದ್ದಕ್ಕೂ ಹಳೆಯ ಹೊಲಿಗೆಯ ಗುರುತು.

ಕಣ ಗುಡಿಸಿದ್ದಾಯಿತು, ದೀಪ ಹಚ್ಚಿದ್ದಾಯಿತು. ಊಟಕ್ಕೆ ಕರೆ ಬರುವ ಮೊದಲು ಇನ್ನೊಂದು ಕೆಲಸ ಉಳಿದಿತ್ತು. ಮಾವನ ಬಂಡಿಯ ಕೀಲೆಣ್ಣೆ ತಂದು, ಕಟ್ಟೆಯ ಮೇಲೆ ಕುಳಿತು, ಷಡ್ಡಕನ ಗಾಲಿಗಳಿಗೆ ಅಂಟಿದ್ದ ನಿಂಬೆಯ ರಸ ಒರೆಸಿ, ಒಂದೊಂದಕ್ಕೂ ಎಣ್ಣೆ ಹಚ್ಚಿ, ಬೆರಳಿನಿಂದ ತಿರುಗಿಸಿ ನೋಡಿದೆ. ಎಂಟೂ ಸದ್ದಿಲ್ಲದೆ ತಿರುಗಿದವು.